ನೂರ ಹನ್ನೆರಡನೇ ಕಂತು

ಬೀಗ ರಿಪೇರಿ ಅಂಗಡಿಯ ಮೇಲಿನ ಕೋಣೆ.
ಹದಿನೇಳು ಮೆಟ್ಟಿಲು, ಒಂಬತ್ತನೆಯದು ಸಡಿಲ.
ಅದನ್ನು ತುಳಿದ ಸದ್ದಿಗೇ
ಬಸುವಾಲ್ದೊ ಮೇಷ್ಟ್ರು ಒಳಗಿಂದ ಕೇಳುತ್ತಿದ್ದರು:
"ಗ್ರಿಸೆಲ್ದಾ, ಇವತ್ತು ಯಾರ ಮೇಲೆ ಸಿಟ್ಟು?"

ಬ್ಯೂನಸ್ ಐರಿಸ್‌ನ ಬೊಯೇದೊ ಬಡಾವಣೆ. ಜುಲೈ ಚಳಿ.
ಗ್ಯಾಸ್ ಒಲೆಯ ಸುತ್ತ ಆರು ಜನ:
ಇಬ್ಬರು ವೇಟರುಗಳು, ಹಲ್ಲು ಡಾಕ್ಟರ ಸಹಾಯಕಿ,
ಸುರಂಗ ರೈಲಿನಲ್ಲಿ ಟಿಕೆಟ್ ಹರಿಯುತ್ತಿದ್ದ ನಿವೃತ್ತರು,
ಮಾತು ತೊದಲುವ ಬೀಗದವನ ಮಗ, ನಾನು.
ಬುರುಡೆಯಲ್ಲಿ ಕಹಿ ಮಾತೆ ಕಷಾಯ ಸುತ್ತು ಬರುತ್ತಿತ್ತು,
ಒಂದೇ ಕೊಳವೆಗೆ ಎಲ್ಲರ ತುಟಿ.

ಒಂದು ಕಾಲಕ್ಕೆ ಈ ಮುಖ
ರಾತ್ರಿ ಎಂಟಕ್ಕೆ ಮನೆಮನೆಗೆ ಬರುತ್ತಿತ್ತು.
ದನದ ಡಾಕ್ಟರ ಪಾತ್ರ. ಬಿಳಿ ಕುದುರೆ.
ಅಕ್ಕತಂಗಿಯರಿಬ್ಬರಿಗೂ ಇವರೇ ಬೇಕು.
ನೂರ ಹನ್ನೆರಡನೇ ಕಂತಿನಲ್ಲಿ ತಂಗಿಯನ್ನು ಬಿಟ್ಟುಹೋದದ್ದಕ್ಕೆ
ಬಸ್ಸಿನಲ್ಲಿ ಮುದುಕಿಯೊಬ್ಬಳು ಕೈಚೀಲ ಬೀಸಿ ಬಾರಿಸಿದಳಂತೆ.
ಚೀಲದ ತುಂಬ ಆಲೂಗಡ್ಡೆ.
"ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬರಲಿಲ್ಲ"
ಎಂದು ಕಿವಿಯ ಹಿಂದಿನ ಗಾಯ ತೋರಿಸುವರು,
ತೋರಿಸಿದಾಗೆಲ್ಲ ಅದು ತುಸು ಬೇರೆ ಜಾಗದಲ್ಲಿ.

ಆಮೇಲೆ ಸಂಬಳದ ಜಗಳ.
ಕತೆ ಬರೆಯುವವರು ಡಾಕ್ಟರನ್ನು ನೆಟ್ಟಗೆ ಕೊಲ್ಲಲೂ ಇಲ್ಲ,
ಅಡುಗೆಯವಳಿಗೆ ಒಂದು ಸಾಲು ಕೊಟ್ಟರು:
"ಪಟಗೋನಿಯಾದಿಂದ ಕಾಗದ ಬಂತು. ಪಾಪ, ಹೋಗಿಬಿಟ್ಟರಂತೆ."
ಈರುಳ್ಳಿ ಹೆಚ್ಚುತ್ತಾ ಹೇಳಿದಳು.
ಕಣ್ಣೀರು ಈರುಳ್ಳಿಯದು.
ಮುಂದೆ ಇಪ್ಪತ್ತು ವರ್ಷ ಮೇಷ್ಟ್ರ ಫೋನು
ಮುದಿ ಬೆಕ್ಕಿನ ಹಾಗೆ ಮೂಲೆ ಹಿಡಿದು ಮಲಗಿತು.

ಪಾಠ ಕಡಿಮೆ, ಬೈಗುಳ ಜಾಸ್ತಿ.
ಖಾಲಿ ಲೋಟ ಕೊಟ್ಟು ಕುಡಿ ಅನ್ನುವರು.
"ಹೂವಿನ ಹಾಗೆ ಎತ್ತಿದೆಯಲ್ಲ, ಕಾಫಿ ಎಲ್ಲಿ ಚೆಲ್ಲಿಬಂದೆ?"
ಬೀಗದವನ ಮಗನಿಗೆ ಮಾತ್ರ ಎಂದೂ ಬೈಯಲಿಲ್ಲ.
"ತೊದಲಿದಲ್ಲಿ ನಿಲ್ಲು. ಮಾತು ಬಾಗಿಲ ಆಚೆಗೇ ಇದೆ.
ಬೀಗ ಬಾರದಿದ್ದರೆ ನಿಮ್ಮಪ್ಪ ಏನು ಮಾಡುತ್ತಾನೆ?"
"ಕಿ… ಕಿವಿ ಇಡುತ್ತಾನೆ."
"ಹಾಗೇ."

ನನಗೆ ಅಂದದ್ದು:
"ಅಳುವಾಗ ನಿನ್ನ ಕೈ ನಿರುದ್ಯೋಗಿ ಕಣೇ.
ಏನಾದರೂ ಕೆಲಸ ಕೊಡು ಅದಕ್ಕೆ."

ನನಗೊಂದು ಧಾರಾವಾಹಿ ಸಿಕ್ಕಿತು.
ಅಪ್ಪನ ಹೆಣಕ್ಕೆ ಒಬ್ಬರು ಬೇಕಿತ್ತು, ನಾನೇ ಹೆಸರು ಹೇಳಿದೆ.
"ಆ ದನದ ಡಾಕ್ಟರ? ಇನ್ನೂ ಇದ್ದಾರಾ?" ಅಂದರು ನಿರ್ಮಾಪಕರು.
ಮೇಷ್ಟ್ರು ತಮ್ಮದೇ ಕೋಟು ತೊಟ್ಟು ಬಂದರು,
ಪೆಟ್ಟಿಗೆಯೊಳಗೆ ಯಾರಿಗೂ ಕಾಣದ ಬೂಟಿಗೂ ಪಾಲಿಶು.
"ನಾನು ಯಾವುದರಿಂದ ಸತ್ತೆ?"
ನಿರ್ದೇಶಕನಿಗೆ ಗೊತ್ತಿರಲಿಲ್ಲ.
ಒಂದು ಗಳಿಗೆ ಯೋಚಿಸಿ, "ಪಿತ್ತಕೋಶ" ಎಂದು ತಾವೇ ಗೊತ್ತುಮಾಡಿ
ಬಲಕ್ಕೆ ಕೂದಲೆಳೆಯಷ್ಟು ಹೊರಳಿ ಮಲಗಿದರು.

ನಾಲ್ಕನೇ ಟೇಕು. ಬಾಗಿದೆ.
ಕೈಗೆ ಕೋಟಿನ ಸಡಿಲ ಗುಂಡಿ ಸಿಕ್ಕಿತು,
ಹಾಕತೊಡಗಿದೆ. ತೂತಿಗೆ ಹೋಗುತ್ತಿಲ್ಲ.
ಕ್ಯಾಮೆರಾಕ್ಕೆ ಮರೆಯಾದ ಕಡೆ ಹೆಣದ ಬೆರಳು
ನನ್ನ ಮಣಿಕಟ್ಟು ತಟ್ಟಿತು, ಒಮ್ಮೆ.
ತರಗತಿಯಲ್ಲಿ ಹಾಗೆ ತಟ್ಟಿದರೆ 'ನಿಧಾನ' ಅಂತ.
ದಾರ ಹರಿದು ಗುಂಡಿ ಅಂಗೈಗೇ ಬಂತು.
ಆಗ ಬಂದದ್ದು ಅಳುವೋ ಏನೋ, ನನಗೆ ಗೊತ್ತಿಲ್ಲ.

ಕಟ್ ಅಂದರು. ಚಪ್ಪಾಳೆ. ಮೇಷ್ಟ್ರು ಏಳಲಿಲ್ಲ.
ಲೈಟಿನವನು ಏಣಿಯಿಂದ ಇಳಿದೇಬಿಟ್ಟ.
ಆಮೇಲೆ ಒಂದು ಕಣ್ಣು ತೆರೆಯಿತು:
"ಈರುಳ್ಳಿಗಿಂತ ವಾಸಿ."

ಪ್ರಸಾರವಾದಾಗ ನನ್ನ ಮುಖವಿತ್ತು,
ಅವರದು ಒಂದು ಭುಜ.

ಗುರುವಾರ ಒಂಬತ್ತನೇ ಮೆಟ್ಟಿಲು ಮೆಲ್ಲಗೆ ತುಳಿದೆ.
"ಗುಂಡಿ ಕೊಡು. ಆ ಬಣ್ಣದ್ದು ಈಗ ಸಿಗುವುದಿಲ್ಲ" ಅಂದರು.
ಕಳೆದುಹೋಯಿತು ಮೇಷ್ಟ್ರೇ, ಅಂದೆ.
ಅವರು ನನ್ನ ಮುಖ ನೋಡಲಿಲ್ಲ.
"ಜೇಬಿನಿಂದ ಕೈ ತೆಗಿ" ಅಂದರು,
"ಇನ್ನೊಮ್ಮೆ ಹೇಳು."