ಒಂದು ಮಾತ್ರೆ

ವಘೇನಾ ದ್ವೀಪದ ಆಸ್ಪತ್ರೆ ಎಂದರೆ ಎರಡು ಕೋಣೆ,
ಹೊರಗೆ ಒಣಹಾಕಿದ ಕಡಲಪಾಚಿಯ ವಾಸನೆ.
ನಾನು ಒಂಬತ್ತರ ಹುಡುಗಿ, ಅವತ್ತಿನ ದುಭಾಷಿ.
ಅಜ್ಜಿಗೆ ಕಿರಿಬಾಸ್ ನುಡಿ ಬಿಟ್ಟು ಬೇರೆ ಬಾರದು.
ಮಲೈತಾದಿಂದ ಬಂದ ನರ್ಸಿಗೆ ಪಿಜಿನ್.
ಹೆಸರು ಎಲ್ಡಾ; ಎಲ್ಲರ ಬಾಯಲ್ಲೂ ಬರೀ ಸಿಸ್ಟರ್.
ನನಗೆ ಎರಡೂ ಬರುತ್ತಿತ್ತು, ಎರಡೂ ಅರ್ಧರ್ಧ,
ಅಣ್ಣನ ಚಪ್ಪಲಿ ಮೆಟ್ಟಿ ಓಡಿದ ಹಾಗೆ.

ಎದೆ ಮುಟ್ಟಿಕೊಂಡು ಅಜ್ಜಿ ಅಂದಳು: ಇಲ್ಲಿ, ತಾರಿ.

ತಾರಿ ಎಂದರೆ ಕಡಲು, ಉಪ್ಪು, ಉಪ್ಪುನೀರು.
ತರಿ ಎಂದರೆ ಹೆಣ್ಣಿಗೆ ಅವಳ ಅಕ್ಕ, ಇಲ್ಲವೆ ತಂಗಿ.
ನಡುವೆ ಇರುವುದು ಒಂದೇ ಒಂದು ಮಾತ್ರೆ,
ಶಾಲೆಯಂಗಳದ ಪಿಜಿನ್ ಯಾವತ್ತೋ ನುಂಗಿದ್ದ ಮಾತ್ರೆ.
ದೀರ್ಘ ನನ್ನ ಕಿವಿಗೆ ಬೀಳಲಿಲ್ಲ.
"ಎದೆಯೊಳಗೆ ಸಿಸ್ಟರ್ ಇದ್ದಾಳಂತೆ," ಅಂದೆ.

ಎಲ್ಡಾ ನಕ್ಕಳು: "ಸಿಸ್ಟರ್ ಇಲ್ಲೇ ಇದ್ದೀನಲ್ಲೇ!"
ಆಮೇಲೆ, ನಗು ಬಿಟ್ಟು, "ಯಾವ ಸಿಸ್ಟರ್, ಕೇಳು."
ಕೇಳಿದೆ, ಅದೇ ಮೋಟು ತರಿಯಲ್ಲಿ.

ಅಜ್ಜಿ ತಿದ್ದಲಿಲ್ಲ.
ಮೀನು ಸೀಳುವ ಕತ್ತಿಯ ಹಿಡಿತವನ್ನೂ ತಿದ್ದುವವಳು
ಕಿಟಕಿಯಾಚೆ ನೋಡುತ್ತ ಕೂತಳು.
ದೋಣಿಯ ಮೋಟಾರೊಂದು ಕೆಮ್ಮಿ ಕೆಮ್ಮಿ ಶುರುವಾಯಿತು.
"ರಕೇರಾ," ಅಂದಳು.
ಹಳೆಯ ದ್ವೀಪದ ಬಾವಿಗಳು ಉಪ್ಪಾದ ವರ್ಷ
ಸರಕಾರದ ಹಡಗು ತಲೆ ಎಣಿಸಿ ಹತ್ತಿಸಿಕೊಂಡಿತಂತೆ.
ಎಣಿಕೆಗೆ ಸಿಗದವಳು ಒಬ್ಬಳು, ಮರಳಿನಡಿ,
ಸುತ್ತ ಹನ್ನೊಂದು ಬಿಳಿಗಲ್ಲು.
ನನ್ನಮ್ಮನಿಗೂ ಗೊತ್ತಿರಲಿಲ್ಲ ಇದು.

ಇಷ್ಟನ್ನೂ ಹೇಗೆ ದಾಟಿಸಲಿ?
"ಸಿಸ್ಟಾ ಬ್ಲಾಂಗ್ ಬಿಫೋ," ಅಂದೆ. ಅಷ್ಟೇ ಇತ್ತು ನನ್ನ ಹತ್ತಿರ.

ಎಲ್ಡಾ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದಳು,
ಮುಳ್ಳು ಏರಿತು, ನಡುಗಿತು.
"ಉಪ್ಪು ಕಡಿಮೆ ಮಾಡಬೇಕು, ಹೇಳು."
ಹೇಳಿದೆ. ಅಜ್ಜಿ ಸುತ್ತಲ ಕಡಲನ್ನೊಮ್ಮೆ ನೋಡಿ
ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.
ಕಾಗದದ ಪೊಟ್ಟಣ: ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು.
ದಾರಿಯುದ್ದಕ್ಕೂ ನನ್ನ ಭುಜದ ಮೇಲೆ ಅವಳ ಕೈ,
ಬೇರೆ ದಿನಕ್ಕಿಂತ ಭಾರ.

ಈಗ ಹೊನಿಯಾರಾದಲ್ಲಿ, ಬಂದರಿನ ಮೆಟ್ಟಿಲ ಮೇಲೆ,
ನನ್ನ ಮಗನಿಗೆ ಕಡಲು ಬರೀ ಸೊಲ್‌ವಾಟಾ.
ತಾರಿ ಅನ್ನು, ಅನ್ನುತ್ತೇನೆ. ತರಿ, ಅನ್ನುತ್ತಾನೆ.
ನಾನು ಅಜ್ಜಿಯಲ್ಲ, ತಿದ್ದುತ್ತೇನೆ:
ಎಳೆಯೋ, ಲಂಗರಿನ ಹಗ್ಗ ಎಳೆದ ಹಾಗೆ ಎಳಿ.
ಉಸಿರು ತೀರುವ ತನಕ ತಾಆಆ ಎಂದು ಎಳೆದವನು
ರಿ ಅನ್ನುವುದನ್ನು ಮರೆತು
ನೀರಿಗೆ ಹಾರಿದ.