ಹುಣಸೆಮರದ ಹಕ್ಕು

ತಾಳವಾಡಿ ತಾಲ್ಲೂಕು ಕಚೇರಿಯೆದುರು
ಬೇವಿನ ನೆರಳಲ್ಲಿ ಕೂತು
ತಮಿಳು ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳುವುದು ನನ್ನ ಕಸುಬು.
ಪಟ್ಟಾ, ಚಿಟ್ಟಾ, ಕ್ರಯ, ಬ್ಯಾಂಕಿನ ನೋಟೀಸು.
ಹಾಳೆಗೆ ಹತ್ತು ರೂಪಾಯಿ. ಕೆಟ್ಟ ಸುದ್ದಿಗೆ ಕಾಸಿಲ್ಲ.

ಆ ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಮನೆ.
ನಮ್ಮ ಸೋಲಿಗರ ಬೇದೇಗೌಡ ಪೇತೇಕೌಡನಾಗಿ
ನಲವತ್ತು ವರ್ಷದಿಂದ ರೇಷನ್ ಅಕ್ಕಿ ತರುತ್ತಿದ್ದಾನೆ,
ಅನ್ನದ ರುಚಿ ಏನೂ ಕೆಟ್ಟಿಲ್ಲ.

ಮರಿಬಸಮ್ಮ ಬಂದದ್ದು
ಮೂರು ವರ್ಷದ ಚೌಕಾಸಿ ಮುಗಿಸಿಕೊಂಡು.
ಹಳ್ಳದಂಚಿನ ಎರಡೂಕಾಲು ಎಕರೆ ಜೋಳದ ಹೊಲ.
ಅತ್ತ ಬೆಟ್ಟ, ಇತ್ತ ಬೆಟ್ಟ, ನಡುವೆ ಅವಳ ತಂತಿಬೇಲಿ.
ಆನೆಗಳು ಅಲ್ಲಿವರೆಗೆ ಬಂದು ನಿಂತು,
ಬೇಲಿಗುಂಟ ನಡೆದು
ಟಾರು ರಸ್ತೆಗೆ ಇಳಿಯುತ್ತಿದ್ದವು,
ಕಬ್ಬಿನ ಲಾರಿಗಳ ದೀಪದೊಳಕ್ಕೆ.

'ದಾನ ಅಂತ ಬರಸಬ್ಯಾಡಿ' ಅಂದಳು ಸಂಘದವರಿಗೆ,
'ಕ್ರಯ ಅನ್ನಿ. ದಾನ ಕೊಡಾಕೆ ನಾನೇನು ರಾಜನ ಮಗಳಾ?'
ದುಡ್ಡು ಎಣಿಸಿದಳು. ಬೆರಳಿಗೆ ಎಂಜಲು ಹಚ್ಚಿ ಇನ್ನೊಮ್ಮೆ ಎಣಿಸಿದಳು.
ಆಮೇಲೆ ಒಂದು ಷರತ್ತು:
ಬದುವಿನ ಹುಣಸೆಮರದ ಫಲ, ತಾನಿರುವ ತನಕ, ತನ್ನದೇ.

ಟೈಪಿನ ಹುಡುಗ ಇಳಮಾರನ್ ಬೆರಳು ಜಾರಿತ್ತು.
ಗಟ್ಟಿಯಾಗಿ ಓದುತ್ತ ಬಂದವನು ಆ ಸಾಲಲ್ಲಿ ನಿಂತೆ.
ಪುಳಿ ಇರಬೇಕಾದ ಕಡೆ ಪುಲಿ.
ನಮ್ಮಲ್ಲೂ ಅಷ್ಟೇ ತಾನೇ,
ನಾಲಗೆ ತುಸು ಮಡಿಚಿದರೆ ಹುಳಿ, ಮರೆತರೆ ಹುಲಿ.
ಇದ್ದದ್ದನ್ನು ಇದ್ದಹಾಗೆ ಓದಿದೆ:
'ಸದರಿ ಜಮೀನಿನ ಹುಲಿಯೂ
ವರ್ಷಾವರ್ಷ ಅದು ಬಿಡುವ ಫಲವೂ
ಮಾರಿದವಳ ಸ್ವಂತಕ್ಕೆ ಸೇರತಕ್ಕದ್ದು.'

ಸಂಘದ ಷಹನಾಜ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.
ಗಾರ್ಡು ಚಹಾ ಚೆಲ್ಲಿಕೊಂಡ.
ಹುಲಿ ಏರುವ ಹಕ್ಕು ಇದುವರೆಗೆ ಮಾದಪ್ಪನಿಗೊಬ್ಬನಿಗೆ,
ಈಗ ಮರಿಬಸಮ್ಮನಿಗೂ, ಸ್ಟಾಂಪ್ ಕಾಗದದ ಮೇಲೆ!
ಬೇದೇಗೌಡ ಮಾತ್ರ ನಗಲಿಲ್ಲ.
'ಸರಿಯಾಗೇ ಬರದವ್ರೆ. ಹುಲಿ ಆ ಹಳ್ಳದಾಗೇ ನೀರು ಕುಡಿಯಾದು.
ಯಾರ ಹೆಸರಲ್ಲಾರ ಇರಲಿ ಬುಡಿ.'

ತಿದ್ದಿದೆವು. ಅಂಚಿಗೆ ರುಜು ಹಾಕಿಸಿದೆವು.
ತಪ್ಪಿನ ಪ್ರತಿಯನ್ನು ಅವಳು
ಎಲೆಅಡಿಕೆ ಚೀಲಕ್ಕೆ ತುರುಕಿಕೊಂಡಳು.

ಬೇಲಿ ಬಿಚ್ಚಿದ ದಿನ ಬಂದವರು:
ಲಂಟಾನ ಕಡಿಯಲು ಸೋಲಿಗ ಹೆಂಗಸರು,
ಒಂದು ಕಾಲದಲ್ಲಿ ಇದೇ ಹೊಲದಲ್ಲಿ ಪಟಾಕಿ ಸಿಡಿಸಿದ ಕೋಸು ಬೆಳೆಗಾರರು,
ಗಾಜು ಒಡೆಸಿಕೊಂಡಿದ್ದ ಲಾರಿಯ ಸೆಂದಿಲ್.
ತಂತಿ ಸುತ್ತಿ ಸುತ್ತಿ ಮೂವತ್ತೇಳು ಉಂಡೆ.
ಕಿಲೋ ಲೆಕ್ಕದಲ್ಲಿ ಮಾರಿದಳು, ಬಂದ ದುಡ್ಡಿಗೆ
ಎಲ್ಲರಿಗೂ ಬಿಸಿ ಪೊಂಗಲ್.

ಆಮೇಲೆ ಏನೂ ಇಲ್ಲ.
ಚೈತ್ರ ಹೋಯಿತು, ವೈಶಾಖ ಹೋಯಿತು.
ಆನೆಗಳು ಹಳೆ ಚಾಳಿಯಂತೆ
ಇಲ್ಲದ ಬೇಲಿಯನ್ನು ಬಳಸಿಕೊಂಡೇ ಹೋದವು.
'ಎಲ್ಲವ್ವಾ ನಿನ್ನ ಹುಲಿ?' ಎಂದು ಸಂತೆಯಲ್ಲಿ ಕೆಣಕಿದರು.
ಉತ್ತರಕ್ಕೆ ಬದಲು ಹುಣಸೆಯ ರೇಟು ಹೇಳುತ್ತಿದ್ದಳು.

ಒಂದು ಸೋಮವಾರ, ಮಳೆ ಬಿದ್ದ ಮಾರನೆ ಬೆಳಿಗ್ಗೆ,
ಬೇವಿನಡಿ ಬಂದು ನಿಂತಳು, ಕಾಲೆಲ್ಲ ಕೆಸರು.
ಕಾಗದ ಇಲ್ಲ. ಕೈಯಲ್ಲಿ ಒಂದು ಸೆಣಬಿನ ಹುರಿ.
'ಓದು' ಅಂದಳು.

ಬೇದೇಗೌಡ ಹೇಳಿಕೊಟ್ಟ ಲೆಕ್ಕವಂತೆ.
ಮುಂಗಾಲ ಹೆಜ್ಜೆಗೆ ಎರಡು ಸುತ್ತು ಹುರಿ,
ಅಷ್ಟೇ ಆನೆಯ ಎತ್ತರ.
ಎದ್ದು ನಿಂತೆ.
ಒಂದು ತುದಿಯನ್ನು ಹೆಬ್ಬೆರಳಲ್ಲಿ ಮೆಟ್ಟಿ
ಇನ್ನೊಂದನ್ನು ಹಿಡಿದು ಕೈ ಎತ್ತಿದೆ, ಹಿಮ್ಮಡಿ ಎತ್ತಿದೆ,
ಇನ್ನೂ ಗೇಣು ಹುರಿ ಮುಷ್ಟಿಯಾಚೆ ಜೋತಾಡುತ್ತಿತ್ತು.
ಕಚೇರಿಯ ಕಿಟಕಿಯಿಂದ ಇಳಮಾರನ್ ಇಣುಕಿದ.

ಹತ್ತರ ನೋಟು ಚಾಚಿದಳು.
ಬೇಡವೆಂದೆ.

ಹೊರಟವಳ ಸೊಂಟದಲ್ಲಿ, ಬೀಗದಕೈ ಪಕ್ಕ,
ಇನ್ನೊಂದು ಹುರಿಯಿತ್ತು, ಗಿಡ್ಡದು, ಎರಡು ಮೊಳದಷ್ಟು.
ಅದನ್ನು ಓದಿಸಲಿಲ್ಲ.