ಎಡಗೈ ಹೊಲಿಗೆ

ಎಸ್ಸೈ ಸುಂಕಮ್ಮ ಮೊದಲು ಏನೂ ಕೇಳಲಿಲ್ಲ.
ಮಡಿಸಿದ ಖಾಕಿ ಅಂಗಿ, ಕಿತ್ತ ಗುಂಡಿ,
ಸೂಜಿ ದಾರ ಮೇಜಿನ ಮೇಲಿಟ್ಟು
‘ಹಚ್ಚಿಕೊಡಪ್ಪ ಇದೊಂದು’ ಅಂದರು.
ಹಚ್ಚಿದೆ.
ಅವರು ಗುಂಡಿ ನೋಡುತ್ತಿರಲಿಲ್ಲ,
ನನ್ನ ಕೈ ನೋಡುತ್ತಿದ್ದರು.

ಆಮೇಲೆ ಪ್ಲಾಸ್ಟಿಕ್ ಚೀಲದೊಳಗಿನ
ಗಿಳಿಹಸಿರು ಕುಬಸ ತಂದಿಟ್ಟರು.
ಊರ ಹೆಮ್ಮಿಂಗೆಲ್ಲ ಬಲಕ್ಕೆ ವಾಲಿದರೆ
ಇದರ ಅಂಚು ಎಡಕ್ಕೆ ವಾಲಿತ್ತು,
ಗಾಳಿ ತಿರುಗಿದ ದಿನದ ಜೋಳದ ಸಾಲಿನಂತೆ.
‘ನಂದೇ ಮೇಡಂ’ ಅಂದೆ.
ದಾರ ಸುಳ್ಳಿಗೆ ಜಾಗ ಬಿಟ್ಟಿರಲಿಲ್ಲ.

ನಿಮಗೆ ಅವಳು ಶಾರ್ವರಿ,
ಸಂಜೆ ಏಳೂವರೆಯ ಧಾರಾವಾಹಿಯ ಕಣ್ಣೀರು,
ಬಳ್ಳಾರಿಯ ಪ್ರತಿ ಸಲೂನಿನ ಗೋಡೆ.
ಏಕನಾಥ ಮಾಸ್ತರ ಅಳತೆ ಪುಸ್ತಕದಲ್ಲಿ
ಇನ್ನೂ ಹುಲಿಗೆಮ್ಮ, ಕೌಲ್ ಬಜಾರು,
ಎದೆ, ಸೊಂಟ, ತೋಳು, ಬೆನ್ನು, ಬಾಕಿ ಇಲ್ಲ.
ನಾಟಕ ಕಂಪನಿಗೆ ಹೊರಟಾಗ ಹತ್ತೊಂಬತ್ತು ಅವಳಿಗೆ.
ಮೊದಲ ಜರಿ ಕುಬಸ ಹೊಲಿದುಕೊಟ್ಟು
ದುಡ್ಡು ಬೇಡ ಅಂದಿದ್ದರಂತೆ.
ಆ ‘ಬೇಡ’ಕ್ಕೆ ಬಡ್ಡಿ ಬೆಳೆಯುತ್ತಿತ್ತೆಂದು
ಯಾರಿಗೆ ಗೊತ್ತು.

ಟೀವಿಗೆ ಹೋಗಿ ಆರು ವರ್ಷ.
ಟೇಪು ಅವಳನ್ನು ಮುಟ್ಟಿಯೂ ಆರು ವರ್ಷ.
ಪ್ರತಿ ಯುಗಾದಿಗೆ ಒಂದು ಕುಬಸ ಕೊರಿಯರಿನಲ್ಲಿ ಹೋಗುತ್ತಿತ್ತು,
ಬೇವು ಒಣಗುವ ಹೊತ್ತಿಗೆ ತಿರುಗಿ ಬರುತ್ತಿತ್ತು.
ಬಿಚ್ಚದೆ ಕಪಾಟಿನ ಮೇಲೆ ಇಡುತ್ತಿದ್ದರು.
‘ಬರ್ತಾಳೆ. ಬಂದಾಗ ತಗಂತಾಳೆ.’

ಬ್ರೂಸ್‌ಪೇಟೆಯ ದರ್ಜಿಗಳೆಲ್ಲ ಜೀನ್ಸಿಗೆ ಬಿದ್ದು
ಬೆರಳು ನೀಲಿ ಮಾಡಿಕೊಂಡರು.
ನಮ್ಮ ಅಂಗಡಿಯಲ್ಲಿ ಮಾತ್ರ
ಏಳೂವರೆಗೆ ಮಿಷನ್ನು ನಿಲ್ಲುತ್ತಿತ್ತು.
ಕುತ್ತಿಗೆಗೆ ಟೇಪು ನೇತುಹಾಕಿಕೊಂಡು
ಮಾಸ್ತರು ಟೀವಿಯ ಮುಂದೆ ನಿಲ್ಲುತ್ತಿದ್ದರು.
ಕಥೆ ಕೇಳುತ್ತಿರಲಿಲ್ಲ, ದನಿ ಆರಿಸುತ್ತಿದ್ದರು.
‘ತೋಳು ಇಳದೈತೆ.
ಅರ್ಧ ಇಂಚು ಬಿಚ್ಚೋ ಗಾದಿಲಿಂಗ.’
ನಾನು ಬಿಚ್ಚುತ್ತಿದ್ದೆ. ನಾನೇ ಹೊಲಿಯುತ್ತಿದ್ದೆ.

ಸೀರೆ ಅಂಗಡಿಯ ರಿಬ್ಬನ್ನು ಕತ್ತರಿಸಲು ಬಂದಳು.
ಬೆಂಗಳೂರು ರಸ್ತೆಯಲ್ಲಿ ಜನ, ಮೊಬೈಲು, ಅದಿರು ಲಾರಿಗಳ ಕೆಂಧೂಳು.
ಮಾಸ್ತರು ಬಿಳಿ ಅಂಗಿ ಹಾಕಿ
ಬ್ಯಾರಿಕೇಡಿನ ಸಂದಿಯಲ್ಲಿ ಪೊಟ್ಟಣ ಚಾಚಿದರು.
ಅವಳು ನಕ್ಕಳು, ಎಲ್ಲರಿಗೂ ನಕ್ಕಂತೆ,
ನೋಡದೆ ಹಿಂದಿನವರ ಕೈಗೆ ದಾಟಿಸಿದಳು,
ಒಂದು ಹೂಗುಚ್ಛ, ಒಂದು ಶಾಲು, ಇದೂ ಒಂದು.
ಮಾಸ್ತರ ಕೈ ಚಾಚಿಕೊಂಡೇ ಇತ್ತು.

ಬೆಳಿಗ್ಗೆ ಲಾಡ್ಜಿನ ಮೂರನೇ ಮಹಡಿ.
ಗಿಳಿಹಸಿರು. ಹುಕ್ಕು ಐದೂ ಸರಿಯಾಗಿ ಹಾಕಿದ್ದವು,
ಉಸಿರಿಲ್ಲದವಳಿಗೆ ಯಾರೋ ನಿಧಾನವಾಗಿ ಹಾಕಿದಂತೆ.

‘ಇವಳ ಪೆಟ್ಟಿಗೇಲಿ ಹನ್ನೆರಡು ಅದಾವೆ’ ಅಂದರು ಸುಂಕಮ್ಮ,
‘ಒಂದೂ ಇಷ್ಟು ಚೆಂದ ಕೂರಲ್ಲ.
ನನ್ನ ಮದುವೆ ಕುಬಸನೂ ಕೂತಿರಲಿಲ್ಲ.
ಆರು ವರ್ಷ ಮುಟ್ಟದೆ ಅಳತೆ ಎಲ್ಲಿಂದ ಬಂತು?’
‘ಟೀವಿಯಿಂದ’ ಅಂದೆ.
ಅವರು ಪೆನ್ನು ಕೆಳಗಿಟ್ಟರು.

ಸಂಜೆ ಅಂಗಡಿಗೆ ಹೋದಾಗ
ಅವಳ ಶ್ರದ್ಧಾಂಜಲಿ ಬರುತ್ತಿತ್ತು.
ಮಾಸ್ತರು ಓಡಲಿಲ್ಲ, ಅಳಲಿಲ್ಲ.
ಅಡ್ಡ ನಿಂತ ಪೇದೆಗೆ
‘ಸ್ವಲ್ಪ ಸರೀರಿ, ಕಾಣ್ತಿಲ್ಲ’ ಅಂದರು.
ಕುತ್ತಿಗೆಯಲ್ಲಿ ಟೇಪು ಇರಲಿಲ್ಲ.

ಪುಸ್ತಕದ ಕೊನೇ ಪುಟ ತಿರುಗಿಸಿ
ಸುಂಕಮ್ಮ ಬೆರಳಿಟ್ಟರು:
ಕತ್ತು, ಸುತ್ತ, ಹನ್ನೆರಡೂವರೆ.
‘ಕುಬಸಕ್ಕೆ ಇದ್ಯಾಕೆ?
ನಿನಗೆ ಮೊದಲೇ ಕಂಡಿತ್ತೇನು?’
‘ಇಲ್ಲ’ ಅಂದೆ.

ಕಂಡಿತ್ತು.
ಶಾಯಿ ಇನ್ನೂ ಹಸಿ ಇದ್ದ ಮಂಗಳವಾರ.
ಈಗ ಕಾಲರ್ ಫ್ಯಾಷನ್ನು ಬಂದಿರಬೇಕು ಅಂದುಕೊಂಡೆ.
ಅವರು ಕತ್ತರಿಸಿಕೊಟ್ಟ ಬಟ್ಟೆಯಲ್ಲಿ
ಕಾಲರ್ ಇರಲಿಲ್ಲ.
ಕೆಳಗೆ ಬಿದ್ದ ಚೂರುಗಳಲ್ಲೂ ಹುಡುಕಿದೆ.

ಆಮೇಲೆ ಕೂತು
ಅಂಚು ಹೊಲಿದೆ.